ಸಂಬಳದ ವಾಸನೆ ಹಿಡಿಯುವ ಊರು

ಅಕ್ಕನಿಗೆ ನಮಸ್ಕಾರ.

ನೀನು ಅಲ್ಲಿ ಮಾಡುವ ಲೆಕ್ಕದ ಕೆಲಸಕ್ಕೇ ಇಲ್ಲಿ ಎರಡರಷ್ಟು ಸಂಬಳ ಎಂದು ಬೀಗುತ್ತಾ ಬಂದೆನಲ್ಲ, ಬೀಗಿದ್ದು ಸಾಕಾಯಿತು. ಇಲ್ಲಿ ಯಾವ ಅಂಗಡಿಯಲ್ಲೂ ಬೆಲೆ ಬರೆದಿರುವುದಿಲ್ಲ, ಮುಖ ನೋಡಿ ಹೇಳುತ್ತಾರೆ. ಪಕ್ಕದ ಮೇಜಿನ ಗುಮಾಸ್ತನಿಗೆ ನನ್ನ ಅರ್ಧ ಸಂಬಳ. ಅದೇ ಬ್ರೆಡ್ಡು ಅವನಿಗೆ ಅರ್ಧ ಬೆಲೆ. ಮೊನ್ನೆ ಸಾಹೇಬರು ಕೋಣೆಯ ಬಾಗಿಲು ಹಾಕಿ, ಸಂಬಳ ತುಸು ಏರಿಸಿದ್ದೇನೆ ಎಂದರು. ನಾನು ಯಾರ ಮುಂದೆಯೂ ತುಟಿ ಪಿಟಕ್ಕೆನ್ನಲಿಲ್ಲ. ಸಂಜೆ ಮನೆ ಓನರಮ್ಮ ಮೆಟ್ಟಿಲ ಮೇಲೆ ಕಾಯುತ್ತಿದ್ದರು. "ಒಳ್ಳೇದಾಯ್ತು ಬಿಡಿ," ಎಂದು ನಕ್ಕು, ಏರಿದಷ್ಟನ್ನೂ ಬಾಡಿಗೆಗೆ ಸೇರಿಸಿದರು. ಜಮಾ ಖರ್ಚು ಇಷ್ಟು ಚೊಕ್ಕವಾಗಿ ತಾಳೆಯಾಗುವುದನ್ನು ನಾನೆಲ್ಲೂ ಕಂಡಿಲ್ಲ.

ಕೆಮ್ಮು ವಾಸಿಯಾಗಿದೆ, ಊಟಕ್ಕೆ ತೊಂದರೆಯಿಲ್ಲ. ಹಣ ಮಾತ್ರ ಕಳಿಸಬೇಡ.

ಇವತ್ತು ಈ ಕಾರ್ಡು ಕೊಳ್ಳಲು ಹೋದರೆ ಅಂಚೆಯವನು ಹಿಂದಿನ ಸಲಕ್ಕಿಂತ ಜಾಸ್ತಿ ಕೇಳಿದ. ಯಾಕಪ್ಪಾ ಎಂದೆ. "ನಿಮ್ಮಕ್ಕಂಗೂ ಸಂಬಳ ಜಾಸ್ತಿ ಆಯ್ತಲ್ಲ ಸಾರ್," ಅಂದ.

ನಿಜವೇನೇ ಅಕ್ಕಾ? ನಿಜವಾದರೂ ಬರೆದು ತಿಳಿಸಬೇಡ. ನನಗೊಬ್ಬಳು ಅಕ್ಕ ಇದ್ದಾಳೆಂದು ಈ ಊರಲ್ಲಿ ನಾನು ಯಾರಿಗೂ ಹೇಳಿಲ್ಲ.

ಜಾಗ ಮುಗಿಯಿತು.
ನಿನ್ನ ತಮ್ಮ