ಒಂದು ಹೆಜ್ಜೆಗೆ ಎರಡು

ಕಂಪ್ಯೂಟರ್ ಮೇಷ್ಟ್ರಿಗೆ ನಮಸ್ಕಾರ.

ಹೆಜ್ಜೆ ಎಣಿಸುವ ಹದಿನೇಳನೇ ನಂಬರಿನ ಪುಟ್ಟ ಯಂತ್ರವನ್ನು ವಾಪಸ್ ಕೇಳಿದ ನಿಮ್ಮ ಚೀಟಿ ಬಂತು. ವಸ್ತು ಶಾಲೆಯದು, ಇಲ್ಲವೆನ್ನುವುದಿಲ್ಲ. ಮಗಳು ಬಸ್ಸಿನಡಿ ಸಿಕ್ಕಿ ತೀರಿಹೋದ ದಿನ ಅದನ್ನು ಕಾಲಿಗೆ ಕಟ್ಟಿಕೊಂಡಿದ್ದಳು. ಆಸ್ಪತ್ರೆಯವರು ಚಪ್ಪಲಿಯ ಜೊತೆ ಕೊಟ್ಟರು.

ಅದರೊಳಗಿನ ಹೆಜ್ಜೆ ಎಣಿಸುವ ಪ್ರೋಗ್ರಾಂ ಬರೆದದ್ದು ಅವಳು ಕಲಿಸುತ್ತಿದ್ದ ಆರನೇ ಕ್ಲಾಸಿನ ಹುಡುಗಿ. ಚಿಕ್ಕವರಿಗೆ ಕಲಿಸುವ ದೊಡ್ಡ ಕ್ಲಾಸಿನ ಮಕ್ಕಳು ಯಂತ್ರ ಮುಟ್ಟದೆ, ಕೈ ಹಿಂದೆ ಕಟ್ಟಿಕೊಂಡು ಬಾಯಲ್ಲಷ್ಟೇ ಹೇಳಬೇಕೆಂಬುದು ನಿಮ್ಮ ನಿಯಮವಂತೆ. ಅಂದು ಬೆಳಿಗ್ಗೆ ಮಗಳು ನಗುತ್ತಾ ಅಂದಳು: "ಅಪ್ಪಾ, ಇದು ಒಂದು ಹೆಜ್ಜೆಗೆ ಎರಡು ಎಣಿಸ್ತಿದೆ. ನಾನು ತಿದ್ದಲ್ಲ, ತಪ್ಪು ಎಲ್ಲಿದೆ ಅಂತ ಅವಳೇ ಹುಡುಕ್ಲಿ."

ಈಗ ಅದರಲ್ಲಿ ಆರುನೂರ ಹನ್ನೆರಡು ಎಂದಿದೆ. ಕೊನೆಯ ಕೆಲವು ನಾನು ಮನೆಗೆ ತರುವಾಗ ಏರಿದವು. ಹೊಲಿಗೆ ಮಿಷನ್ ತುಳಿದರೆ ಮನೆ ಅದುರಿ ಇನ್ನೂ ಏರೀತೆಂದು ತುಳಿಯುವುದನ್ನೇ ಬಿಟ್ಟಿದ್ದೇನೆ. ಗಿರಾಕಿಗಳು ಬೈಯುತ್ತಿದ್ದಾರೆ. ಬ್ಯಾಟರಿ ಮುಗಿದರೆ ಎಣಿಕೆ ಅಳಿಯುತ್ತದಂತೆ. ಅಂಕಿ ತೋರಿಸುವ ದೀಪಗಳು ಆಗಲೇ ಮಂಕಾಗಿವೆ.

ದಯವಿಟ್ಟು ನಾಳೆಯೇ ಆ ಹುಡುಗಿಯನ್ನು ಕಳಿಸಿ. ಎಣಿಕೆ ಉಳಿಸುವ ದಾರಿಯನ್ನು ಅವಳು ಕೈ ಹಿಂದೆ ಕಟ್ಟಿಕೊಂಡು ಹೇಳಲಿ, ಗುಂಡಿಗಳನ್ನು ನಾನೇ ಒತ್ತುತ್ತೇನೆ. ತಪ್ಪನ್ನು ಮಾತ್ರ ಬೇರೆ ಯಂತ್ರದಲ್ಲಿ ತಿದ್ದಿಕೊಳ್ಳಲಿ. ನನ್ನ ಮಗಳ ಒಂದು ಹೆಜ್ಜೆ ಇದರಲ್ಲಿ ಎರಡಾಗಿಯೇ ಇರಲಿ.

ಇಂತಿ,
ಎಂಟನೇ ಕ್ಲಾಸಿನವಳ ಅಪ್ಪ, ಟೈಲರ್