ಮೇಲಿನಿಂದ ಮೂರನೇ ಮೆಟ್ಟಿಲು

ಪೂಜ್ಯ ಪಾದ್ರಿಗಳಿಗೆ, ಬಡಗಿಯ ವಂದನೆಗಳು.

ಚರ್ಚಿನ ಗಂಟೆ ಬಾರಿಸುವ ನಮ್ಮ ಭಾವ ಗೋಪುರದ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಾಗ, "ದೇವರ ಚಿತ್ತವಿಲ್ಲದೆ ಹುಲ್ಲುಕಡ್ಡಿಯೂ ಅಲ್ಲಾಡೋದಿಲ್ಲಪ್ಪಾ" ಅಂತ ಆಸ್ಪತ್ರೆಯಲ್ಲಿ ನನಗೆ ಸಮಾಧಾನ ಹೇಳಿದಿರಿ.

ಆ ಏಣಿ ಮಾಡಿದವನು ನಾನೇ. ಮೇಲಿನಿಂದ ಮೂರನೇ ಮೆಟ್ಟಿಲು ಅಡಿಭಾಗದಲ್ಲಿ ಸೀಳಿತ್ತು. ಬೇರೆ ಮರ ಕೊಯ್ಯಲು ಸೋಮಾರಿತನ. ಗೋಂದಿಗೆ ಮರದ ಹೊಟ್ಟು ಕಲಸಿ, ಹೆಬ್ಬೆರಳಿನಿಂದ ಸೀಳಿಗೆ ಒತ್ತಿ, ಮೇಲ್ಭಾಗಕ್ಕೆ ಮಾತ್ರ ಪಾಲಿಶ್ ಹೊಡೆದೆ. ಅಡಿಯಲ್ಲಿ ಯಾರು ಬಗ್ಗಿ ನೋಡ್ತಾರೆ?

ನನ್ನ ಈ ಪಾಪವನ್ನೂ ದೇವರು ಮೊದಲೇ ನಿರ್ಣಯಿಸಿದ್ದನೇ? ಹೌದಾದರೆ ನನ್ನ ಎದೆ ಹಗುರಾಗಬೇಕಿತ್ತು. ಆಗಿಲ್ಲ. ನೀವು ಓದಿದವರು, ಬಿಡಿಸಿ ಹೇಳಿ.

ಅಲ್ಲಿಯವರೆಗೆ ಮುರಿದ ಮೆಟ್ಟಿಲನ್ನು ಒಲೆಗೆ ಹಾಕಬೇಡಿ, ಕಳಿಸಿಕೊಡಿ. ಭಾವನಿಗೆ ತೋರಿಸಬೇಕು. ಗೋಂದಿನ ಮೇಲೆ ಹೆಬ್ಬೆರಳಿನ ಗುರುತು ಇನ್ನೂ ಇರುತ್ತದೆ. ಅದು ದೇವರದ್ದಲ್ಲ.

ಇಂತಿ,
ಏಣಿ ಮಾಡಿದವನು