ಹದಿನೇಳನೇ ನಂಬರ್

ಫೆಬ್ರವರಿ 3, ಸೋಮವಾರ. ಬೆಳಗ್ಗೆ 10.20

ಯಂತ್ರದ ಮೂರನೇ ಪೀಸ್ ಜೋಡಿಸಿ ಮುಗಿಯಿತು. ಬಲ್ಬು ಹತ್ತಿಸಿ ಚೆಂಡಿಗೆ ಹಿಡಿದೆ. ಅದೇ ಬಿಳಿ ಮಚ್ಚೆ, ನಟ್ಟನಡುವೆ. ಥೂ.

ಚೆಂಡು ಎಂದರೆ ಪಿಂಗ್‌ಪಾಂಗ್ ಚೆಂಡು. ಭಾವ ಅದಕ್ಕೊಂದು ತೂತು ಕೊರೆದು, ಒಳಗೆ ಕೆಂಪು ಬಳಿದು, ನರಗಳ ಹಾಗೆ ಗೆರೆ ಎಳೆದಿದ್ದರು. ನಮ್ಮ ಸುಳ್ಳು ಕಣ್ಣು. ಈ ಯಂತ್ರದಲ್ಲಿ ಕಣ್ಣಿಗೆ ಹನಿ ಬಿಡದೆ ಒಳಗಿನ ಪರದೆಯ ಫೋಟೊ ತೆಗೆಯಬಹುದು, ನರ್ಸ್ ಒಬ್ಬಳೇ ಕೈಯಲ್ಲಿ ಹಿಡಿದು ತೆಗೆಯಬಹುದು ಎಂದು ಪೇಟೆಂಟ್ ಅರ್ಜಿಯಲ್ಲಿ ಬರೆದವಳು ನಾನು. ಈಗ ಮಚ್ಚೆಯ ಫೋಟೊ ಮಾತ್ರ ಬರುತ್ತಿದೆ, ಬಹಳ ಚೆನ್ನಾಗಿ.

ಹೊಸ ಪೀಸ್ ಮೂರರಲ್ಲೂ ಇದೆ. ಹಳೆಯದರಲ್ಲೂ ಇದೆ! ಭಾವನೇ ಜೋಡಿಸಿದ್ದು ಅದು. ಒಂದು ವರ್ಷ ಒಂದು ಮಚ್ಚೆಯೂ ಇಲ್ಲದೆ ಕೆಲಸ ಮಾಡಿತ್ತು. ಹೋದ ತಿಂಗಳು ಅಳತೆ ತೆಗೆಯಲೆಂದು ಬಿಚ್ಚಿ, ಎಲ್ಲಾ ಗಾಜು ತೊಳೆದು, ಹಾಗೇ ಮತ್ತೆ ಜೋಡಿಸಿದೆ. ಅಂದಿನಿಂದ ಮುನಿಸಿಕೊಂಡಿದೆ.

ಅಕ್ಕ ಚಹಾ ತಂದಳು. ಬಾಗಿಲಲ್ಲೇ ನಿಂತು ಕೊಟ್ಟು ಹೋದಳು. ಭಾವ ಹೋದಮೇಲೆ ವರ್ಕ್‌ಶಾಪಿನ ಹೊಸ್ತಿಲು ದಾಟಿಲ್ಲ ಅವಳು. ಅವರ ಸ್ಟೂಲ್ ಕಿಟಕಿಯ ಹತ್ತಿರ ಹಾಗೇ ಇದೆ. ನಾನೂ ಕೂರುವುದಿಲ್ಲ. ಅದನ್ನು ಸುತ್ತುಬಳಸಿ ಓಡಾಡುತ್ತೇನೆ.

ಫೆಬ್ರವರಿ 4, ಮಂಗಳವಾರ

ಪೇಟೆಂಟ್ ಆಫೀಸಿನ ಕಾಗದ ಬಂತು. ಹನ್ನೆರಡು ಆಕ್ಷೇಪಣೆ. ಹನ್ನೊಂದಕ್ಕೆ ಅರ್ಧ ದಿನ ಸಾಕು. ಹನ್ನೆರಡನೆಯದು: ಮೂರನೇ ಚಿತ್ರಹಾಳೆಯಲ್ಲಿ 17 ಎಂಬ ಅಂಕಿ ಇದೆ. ವಿವರಣೆಯಲ್ಲಿ ಆ ಭಾಗದ ಮಾತೇ ಇಲ್ಲ. ವಿವರಿಸಿ, ಇಲ್ಲವೇ ತೆಗೆದುಹಾಕಿ. ಇಪ್ಪತ್ತೆಂಟರೊಳಗೆ.

ನೋಡಿದೆ. ಹೌದು, 17 ಇದೆ. ಅದು ಏನು ಎಂದು ನನಗೆ ಗೊತ್ತಿಲ್ಲ.

ನನ್ನದೇ ಯಂತ್ರ, ನನ್ನದೇ ಅರ್ಜಿ. ಒಂದರಿಂದ ಹದಿನಾರರವರೆಗೆ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಹದಿನಾರು — ಬಲ್ಬಿನ ಮುಂದಿನ ಚಪ್ಪಟೆ ಗಾಜು, ಧೂಳು ಬೀಳದ ಹಾಗೆ. ಹದಿನೇಳು...?

ಪೇಟೆಂಟ್ ಏಜೆಂಟರಿಗೆ ಫೋನ್. ಬಿದ್ದು ಬಿದ್ದು ನಕ್ಕರು.

"ಮೇಡಂ, ಅಳಿಸಿಬಿಡಿ. ಒಂದು ನಂಬರ್ ತಾನೆ? ಎಲ್ಲರೂ ಮಾಡೋ ತಪ್ಪೇ. ಹೊಸ ಹಾಳೆ ಕಳ್ಸಿ, ನಾನು ಹಾಕ್ತೀನಿ."

ಸರಿ ಎಂದೆ. ಕಳಿಸಿಲ್ಲ.

ಫೆಬ್ರವರಿ 7, ಶುಕ್ರವಾರ. ಮಧ್ಯಾಹ್ನ

ಪೆನ್ಸಿಲ್ ಚಿತ್ರ ಸಿಕ್ಕಿತು, ಭಾವನ ಡ್ರಾಯರಿನ ತಳದಲ್ಲಿ. ನಾನು ಟ್ರೇಸ್ ಮಾಡಿ ಅರ್ಜಿಗೆ ಹಾಕಿದ ಮೂಲ. ಹದಿನಾರರವರೆಗೆ ನನ್ನ ಕೈಬರಹ. 17 ಮಾತ್ರ ಅವರದು. ಏಳಕ್ಕೆ ಹೊಟ್ಟೆಯ ಮೇಲೊಂದು ಅಡ್ಡಗೆರೆ ಹಾಕುತ್ತಿದ್ದವರು ನಮ್ಮಲ್ಲಿ ಅವರೊಬ್ಬರೇ.

ಅಂಕಿಯಿಂದ ಹೊರಟ ಗೆರೆ ಹದಿನಾರನೇ ಗಾಜಿನ ಮೇಲೆ ಹೋಗಿ ನಿಂತಿದೆ. ತುದಿಯಲ್ಲಿ ಒಂದು ಚುಕ್ಕೆ. ಅಷ್ಟೇ. ನಮ್ಮ ಚಿತ್ರಗಳಲ್ಲಿ ಗೆರೆ ಗಾಜಿನ ಮೈಮೇಲೆ ನಿಲ್ಲುವಲ್ಲೆಲ್ಲ ಚುಕ್ಕೆ ಇಡುತ್ತೇವೆ, ಅದು ರೂಢಿ. ಅದೇ ಎಂದುಕೊಂಡೆ. ಕಣ್ಣು ಮುಚ್ಚಿಕೊಂಡು ಟ್ರೇಸ್ ಮಾಡಿದೆ.

ಆ ವಾರ ನೆನಪಾಯಿತು. ನಾನು ಮೇಲಿನ ಕೋಣೆಯಲ್ಲಿ ವಿವರಣೆ ಟೈಪ್ ಮಾಡುತ್ತಿದ್ದೆ. ಕೆಳಗಿನಿಂದ ಕೂಗು —

"ಇಂಜಿನಿಯರಮ್ಮಾ, ಸ್ವಲ್ಪ ಕೆಳಗಿಳಿದು ಬರ್ತೀರಾ? ಒಂದು ಮಜಾ ತೋರಿಸ್ತೀನಿ!"

"ಆಮೇಲೆ ಭಾವ!"

ಆ ಆಮೇಲೆ ಬರಲೇ ಇಲ್ಲ. ಮರುದಿನ ಹನ್ನೊಂದು ಗಂಟೆಗೆ ಆ ಸ್ಟೂಲಿನ ಮೇಲೆಯೇ ಎದೆ ಹಿಡಿದುಕೊಂಡರು. ಡಾಕ್ಟರು ಬರುವಷ್ಟರಲ್ಲಿ ಎಲ್ಲಾ ಮುಗಿದಿತ್ತು.

ಇನ್ನೊಂದೂ ಬರೆದುಬಿಡುತ್ತೇನೆ. ಇದನ್ನು ಯಾರು ಓದುತ್ತಾರೆ? ತಿಂಗಳ ನಂತರ ಅರ್ಜಿಗೆ ಸಹಿ ಹಾಕುವಾಗ ಏಜೆಂಟರು ಕೇಳಿದರು, "ಇನ್ವೆಂಟರ್ ನೀವೊಬ್ಬರೇನಾ?" ತೀರಿಹೋದವರ ಹೆಸರಿದ್ದರೆ ವಾರಸುದಾರರ ಸಹಿ, ಡೆತ್ ಸರ್ಟಿಫಿಕೇಟ್, ರಗಳೆ ಎಂದರು. ನಾನು ರಗಳೆಗೆ ಹೆದರುವವಳಲ್ಲ. ಭಾವನೇ ಹೇಳುತ್ತಿದ್ದರಲ್ಲ, "ನಾನು ಗಾಜು ಉಜ್ಜೋನು, ತಲೆ ಓಡ್ಸೋಳು ನೀನು" ಅಂತ! ಅದನ್ನೇ ಹಿಡಿದುಕೊಂಡೆ. "ಈ ಆವಿಷ್ಕಾರ ನನ್ನದು, ಬೇರೆ ಯಾರದೂ ಅಲ್ಲ" ಎಂಬ ಸಾಲಿನ ಕೆಳಗೆ ಸಹಿ ಹಾಕಿದೆ. ನನಗೆ ನನ್ನೊಬ್ಬಳದೇ ಹೆಸರು ಬೇಕಿತ್ತು. ಅಷ್ಟೇ ಸತ್ಯ.

ಫೆಬ್ರವರಿ 8, ಶನಿವಾರ

ಹಳೆಯ ಫೋಟೊಗಳನ್ನು ತೆಗೆದು ನೋಡಿದೆ. ಎಲ್ಲವೂ ಅಕ್ಕನ ಕಣ್ಣು. ಹೊಸದೇನು ಮಾಡಿದರೂ ಭಾವ ಮೊದಲು ಹಿಡಿಯುತ್ತಿದ್ದುದು ಅವಳ ಕಣ್ಣಿಗೇ. ಭಾವ ಹೋಗುವ ಮುಂಚಿನ ಒಂದು ವರ್ಷದ ಫೋಟೊಗಳಲ್ಲೆಲ್ಲ ಮಚ್ಚೆ. ಅವರ ಕೊನೆಯ ವಾರದ್ದು ಎರಡೇ ಎರಡು ಸ್ವಚ್ಛ.

ಆ ವಾರವೇ ನಾನು ಮುಂದಿನ ಲೆನ್ಸನ್ನು ಎರಡು ಡಿಗ್ರಿ ವಾಲಿಸಿದ್ದೆ. ಮಚ್ಚೆ ಹೋಗಿದ್ದು ಅದರಿಂದಲೇ ಎಂದು ಹಿಗ್ಗಿ ಹೀರೇಕಾಯಿಯಾಗಿದ್ದೆ. ಅರ್ಜಿಯಲ್ಲಿ ಹೊಸತು ಎಂದು ಹಕ್ಕು ಕೇಳಿದ ಮೊದಲನೇ ಕ್ಲೇಮ್ ಅದೇ. ಈಗ ನಾಲ್ಕೂ ಪೀಸಿನಲ್ಲಿ ಲೆನ್ಸ್ ಎರಡೇ ಡಿಗ್ರಿ ವಾಲಿದೆ. ಮಚ್ಚೆಯೂ ಇದೆ.

ಸಂಜೆ ಊಟದ ಮೇಜಿನಲ್ಲಿ ಅಕ್ಕ ಏನೋ ಹೇಳುತ್ತಿದ್ದಳು. ಅವಳ ಮುಖದ ನಡುವೆ ಮಚ್ಚೆ. ಕಣ್ಣುಜ್ಜಿಕೊಂಡೆ. ತಟ್ಟೆಯ ನಡುವೆ ಮಚ್ಚೆ.

"ಯಾಕೇ ಪುಟ್ಟಿ, ಹಾಗೆ ನೋಡ್ತೀಯ?"

"ಏನಿಲ್ಲ. ಬಲ್ಬು ನೋಡಿ ನೋಡಿ."

ಫೆಬ್ರವರಿ 19, ಬುಧವಾರ

ಹತ್ತು ದಿನ ಬರೆದಿಲ್ಲ. ವರ್ಕ್‌ಶಾಪಿಗೆ ಇಳಿದೂ ಇಲ್ಲ. ತಲೆನೋವು ಎಂದೆ. ಕಣ್ಣಿನ ಡಾಕ್ಟರು ಕಣ್ಣಿಗೇನೂ ಆಗಿಲ್ಲ, ರೆಸ್ಟ್ ತಗೊಳ್ಳಿ ಎಂದರು. ಹಾಗೆನ್ನುವಾಗ ಅವರ ಮುಖವೂ ಕಾಣಲಿಲ್ಲ ನನಗೆ, ಮಚ್ಚೆಯ ಸುತ್ತ ಎರಡು ಕಿವಿ ಮಾತ್ರ.

ಇವತ್ತು ಇಳಿದೆ. ಹಾಡುಹಗಲು, ಕಿಟಕಿ ತುಂಬ ಬಿಸಿಲು. ಬೆಂಚಿಗೆ ಬೆನ್ನು ಹಾಕಿ ಸ್ಕ್ರೂ ಹುಡುಕುತ್ತಿದ್ದೆ. ಹಿಂದಿನಿಂದ "ಹಾ..." ಎಂದು ಕೇಳಿಸಿತು. ಭಾವ ಗಾಜಿಗೆ ಬಾಯಿಂದ ಆವಿ ಊದುತ್ತಿದ್ದ ಸದ್ದು. ಇಪ್ಪತ್ತು ವರ್ಷ ಕೇಳಿದ ಸದ್ದು, ತಪ್ಪಲು ಸಾಧ್ಯವೇ ಇಲ್ಲ. ತಿರುಗಿದೆ. ಯಾರೂ ಇಲ್ಲ. ಬೆಂಚಿನ ಮೇಲಿನ ಗಾಜಿನಲ್ಲಿ ಆವಿ ಇತ್ತು, ಮೆಲ್ಲಗೆ ಕರಗುತ್ತಿತ್ತು. ನಾನು ಊದಿರಲಿಲ್ಲ. ಊದಿದ್ದೆನೋ ಏನೋ.

"ಭಾವ, ಅದೇನು ಅಂತ ಬಾಯಿಬಿಟ್ಟು ಹೇಳಿ!" ಎಂದು ಸ್ಟೂಲಿಗೆ ಕಿರುಚಿದೆ.

ಮೇಲಿನಿಂದ ಅಕ್ಕ, "ಯಾರ ಹತ್ರ ಮಾತಾಡ್ತಿದ್ದೀಯೇ?"

ಫೋನಿನಲ್ಲಿ ಎಂದೆ. ಫೋನು ಮೇಲೆ ಅವಳ ಪಕ್ಕದಲ್ಲೇ ಇತ್ತು.

ಫೆಬ್ರವರಿ 20, ಗುರುವಾರ. ಸಂಜೆ 4

ಆದದ್ದು ಆದ ಹಾಗೆ ಬರೆಯುತ್ತೇನೆ.

ಅಕ್ಕ ಬೆಳಗ್ಗೆ ಬಂದು ನನ್ನ ಹಾಸಿಗೆಯ ತುದಿಯಲ್ಲಿ ಕೂತಳು. ಮುಷ್ಟಿಯಲ್ಲಿ ಏನೋ ಇತ್ತು.

"ನೀನು ಕೆಳಗೆ ಅವರ ಹತ್ರ ಮಾತಾಡ್ತೀಯ ಅಂತ ಗೊತ್ತು. ನನ್ನ ಪರವಾಗಿ ಒಂದು ಮಾತು ಕೇಳ್ತೀಯಾ?"

ತಮಾಷೆಯೋ ಎಂದು ನೋಡಿದೆ. ತಮಾಷೆಯಾಗಿರಲಿಲ್ಲ.

ಮುಷ್ಟಿ ಬಿಚ್ಚಿದಳು. ನೇಲ್ ಪಾಲಿಶ್ ಬಾಟಲಿ. ಕಪ್ಪು ಬಣ್ಣ.

"ಅವರ ಶರ್ಟಿನ ಜೇಬಲ್ಲಿತ್ತು. ನಾನು ಜನ್ಮದಲ್ಲಿ ಉಗುರಿಗೆ ಬಣ್ಣ ಹಚ್ಚಿದೋಳಲ್ಲ. ಯಾರಿಗೆ ಇದು ಅಂದೆ. ಗಾಜಿಗೆ ಕಣೇ ಅಂದ್ರು. ನಗ್ತಾ ಅಂದ್ರು! ನನಗೆ ಉರಿದುಹೋಯ್ತು. ಗಾಜಿಗೆ ಯಾರಾದ್ರೂ ನೇಲ್ ಪಾಲಿಶ್ ಹಚ್ತಾರಾ? ಕಿತ್ಕೊಂಡು ಬೀರುವಿನಲ್ಲಿಟ್ಟೆ. ಮೂರು ದಿನ ಮಾತು ಬಿಟ್ಟೆ. ಮೂರನೇ ದಿನವೇ ಅಲ್ವೇನೇ ಅವರು..."

ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಹದಿನೈದು ತಿಂಗಳಾಯ್ತು. ಯಾವಳ ಉಗುರಿಗೆ ಅಂತ ಯೋಚನೆ ಮಾಡದ ದಿನ ಇಲ್ಲ. ಎಸೆಯೋಕೂ ಮನಸ್ಸಾಗಲ್ಲ."

ಆ ಹೊತ್ತಿಗೆ ಕಣ್ಣೆದುರಿಗೆ ಬಂದುಬಿಟ್ಟಿತ್ತು — ಜನವರಿ, ಹಳೆಯ ಪೀಸ್ ಬಿಚ್ಚಿ ಬೆಂಚಿನ ಮೇಲೆ ಹರಡಿದ್ದೇನೆ. ಹದಿನಾರನೇ ಗಾಜಿನ ನಡುವೆ ಅರ್ಧ ಸಾಸಿವೆಕಾಳಿನಷ್ಟು ಕಪ್ಪು ಕೊಳೆ. "ಭಾವ ಮತ್ತು ಅವರ ಕೊಳಕು ಕೈ" ಎಂದು ನಕ್ಕೆ. ಹತ್ತಿ ತೆಗೆದುಕೊಂಡು, ಅಸಿಟೋನ್ ಹಾಕಿ, ಒಂದು ಸಲ ಒರೆಸಿದೆ. ಹೋಯಿತು.

ಅದು ಕೊಳೆಯಲ್ಲ. ಚಿತ್ರದಲ್ಲಿ ಇದ್ದದ್ದು ಗೆರೆಯ ತುದಿಯೂ ಅಲ್ಲ. ಆ ಚುಕ್ಕೆಯೇ ಹದಿನೇಳು.

ಅಕ್ಕನಿಗೆ ಏನೂ ಹೇಳಲಿಲ್ಲ. ಬಾಟಲಿ ಇಲ್ಲಿರಲಿ, ಕೇಳಿ ಹೇಳುತ್ತೇನೆ ಎಂದೆ. ಕೇಳಿ ಹೇಳುತ್ತೇನಂತೆ! ಎಂಥ ಹೆಂಗಸು ನಾನು.

ಫೆಬ್ರವರಿ 21, ಶುಕ್ರವಾರ. ಮಧ್ಯಾಹ್ನ 12.15

ಪಾಲಿಶ್ ಗಟ್ಟಿಯಾಗಿತ್ತು. ಅಸಿಟೋನ್ ಎರಡು ಹನಿ ಹಾಕಿ ಕದಡಿದೆ. ಸೂಜಿಯ ಮೊನೆಯಿಂದ ಚುಕ್ಕೆ ಇಟ್ಟೆ. ದೊಡ್ಡದಾಯಿತು. ಒರೆಸಿದೆ. ಪಕ್ಕಕ್ಕೆ ಹೋಯಿತು. ಒರೆಸಿದೆ. ಏಳನೆಯ ಸಲ ಕೂತಿತು.

ಚೆಂಡಿಗೆ ಹಿಡಿದೆ. ಮಚ್ಚೆ ಇಲ್ಲ.

ಎಷ್ಟು ಸರಳ! ಬಲ್ಬಿನಿಂದ ಹೊರಟ ಬೆಳಕಿನಲ್ಲಿ ಚಿಟಿಕೆಯಷ್ಟು ಮಾತ್ರ ಮುಂದಿನ ಲೆನ್ಸಿಗೆ ಬಡಿದು ನಮ್ಮ ಮುಖಕ್ಕೇ ವಾಪಸು ಬರುತ್ತಿತ್ತು. ಭಾವ ಆ ಚಿಟಿಕೆಯನ್ನು ಹೊರಡುವ ಜಾಗದಲ್ಲೇ ಚುಕ್ಕೆ ಇಟ್ಟು ತಡೆದರು. ನನ್ನ ಎರಡು ಡಿಗ್ರಿಯನ್ನು ನೆಟ್ಟಗೆ ಮಾಡಿ ನೋಡಿದೆ. ಆಗಲೂ ಮಚ್ಚೆ ಇಲ್ಲ. ಅಂದರೆ ನನ್ನ ಕ್ಲೇಮ್ ಒಂದು — ಬರೀ ಓಳು.

ಸಂತೋಷಪಡಬೇಕಿತ್ತು. ಬೆಂಚಿಗೆ ತಲೆಯಿಟ್ಟು ಅತ್ತೆ. ಯಂತ್ರದೊಳಗಿನಿಂದ ಹೋದ ಮಚ್ಚೆ ನನ್ನ ಕಣ್ಣೊಳಗಿನಿಂದ ಹೋಗಿಲ್ಲ. ತಲೆಯೆತ್ತಿದಾಗ ಸರಿಯಾಗಿ ಸ್ಟೂಲಿನ ಮೇಲೆ ಬಂದು ಕೂತಿತ್ತು, ಒಬ್ಬ ಮನುಷ್ಯ ಕೂತಷ್ಟು ಎತ್ತರಕ್ಕೆ.

ಫೆಬ್ರವರಿ 25, ಮಂಗಳವಾರ

ಏಜೆಂಟರಿಗೆ ಎಲ್ಲಾ ಹೇಳಿದೆ. ಈ ಸಲ ನಗಲಿಲ್ಲ.

"ಮೇಡಂ, ಬಿಡಿಸಿ ಹೇಳ್ತೀನಿ ಕೇಳಿ. ಹದಿನೇಳನ್ನ ವಿವರಿಸಿದ್ರೆ ಅದು ಯಾರದ್ದು ಅನ್ನೋ ಪ್ರಶ್ನೆ ಬರುತ್ತೆ. ನಿಮ್ಮ ಭಾವನ ಹೆಸರು ಸೇರಿಸ್ಬೇಕು. ಸೇರಿಸಿದ್ರೆ ನೀವು ಆಗ ಕೊಟ್ಟ ಡಿಕ್ಲರೇಷನ್ ಸುಳ್ಳಾಗುತ್ತೆ. ಅರ್ಜಿಯೇ ಬಿದ್ದುಹೋಗಬಹುದು. ನಿಮ್ಮ ಅಕ್ಕನೂ ಬಂದು ಸಹಿ ಹಾಕ್ಬೇಕು, ಅಂದ್ರೆ ಅವರಿಗೂ ಎಲ್ಲಾ ಗೊತ್ತಾಗುತ್ತೆ. ಅಳಿಸಿದ್ರೆ ಏನೂ ಇಲ್ಲ. ಚುಕ್ಕೆ ನೀವು ಒಳಗೊಳಗೇ ಹಾಕ್ಕೊಳ್ಳಿ. ಯಾರಿಗೆ ಗೊತ್ತಾಗುತ್ತೆ?"

ಹೌದು, ಯಾರಿಗೂ ಗೊತ್ತಾಗುವುದಿಲ್ಲ.

ಎರಡೂ ಉತ್ತರ ಟೈಪ್ ಮಾಡಿಟ್ಟಿದ್ದೇನೆ. 17 ಇಲ್ಲದ ಹೊಸ ಹಾಳೆಯೂ ತಯಾರು. ಬ್ಲೇಡಿನಿಂದ ಕೆರೆದು ತೆಗೆದೆ, ಮೊದಲು ಅಂಕಿ, ಆಮೇಲೆ ಗೆರೆ, ಆಮೇಲೆ ಚುಕ್ಕೆ. ಹಿಂದಿನಿಂದ "ಹಾ..."

ಈ ಸಲ ತಿರುಗಲಿಲ್ಲ.

ಫೆಬ್ರವರಿ 27, ಗುರುವಾರ

ಅಕ್ಕ: "ಕೇಳಿದ್ಯಾ?"

ನಾನು: "ಇನ್ನೂ ಇಲ್ಲ."

"ಬೇಡ ಬಿಡು. ಹೆಸರು ಗೊತ್ತಾದ್ರೆ ಇನ್ನೂ ಕಷ್ಟ. ನನಗೆ ಇಷ್ಟೇ ಅಭ್ಯಾಸ ಆಗ್ಬಿಟ್ಟಿದೆ."

ಪಾತ್ರೆ ತೊಳೆಯುತ್ತಾ ಹೇಳಿದಳು, ನನ್ನ ಕಡೆ ತಿರುಗದೆ. ನಾನು ಕೈಲಿದ್ದ ತಟ್ಟೆಯನ್ನು ಒರೆಸುತ್ತಲೇ ಇದ್ದೆ. ಒಣಗಿದ ಮೇಲೂ.

ಫೆಬ್ರವರಿ 28, ಶುಕ್ರವಾರ. ಬೆಳಗ್ಗೆ 9.50

ಇವತ್ತು ಕೊನೆಯ ದಿನ. ಸಂಜೆ ಐದರೊಳಗೆ ಉತ್ತರ ಹೋಗಬೇಕು.

ಒಂಬತ್ತಕ್ಕೆ ಅಕ್ಕನನ್ನು ಕೆಳಗೆ ಕರೆದೆ. ಹೊಸ್ತಿಲಲ್ಲಿ ನಿಂತಳು. "ಬಾ, ಒಂದು ಮಜಾ ತೋರಿಸ್ತೀನಿ" ಎಂದೆ. ಆ ಮಾತು ನನ್ನ ಬಾಯಿಗೆ ಹೇಗೆ ಬಂತೋ. ಬಾಗಿಲ ಚೌಕಟ್ಟು ಹಿಡಿದುಕೊಂಡಳು, ಆದರೂ ಬಂದಳು. ಸೀದಾ ಹೋಗಿ ಭಾವನ ಸ್ಟೂಲಿನ ಮೇಲೆ ಕೂತಳು, ಅಲ್ಲಿ ಯಾರೂ ಇಲ್ಲವೆಂಬಂತೆ.

ಅವಳ ಕಣ್ಣಿನ ಫೋಟೊ ತೆಗೆದೆ, ಮೊದಲು ಚುಕ್ಕೆ ಇಲ್ಲದ ಪೀಸಿನಲ್ಲಿ, ಆಮೇಲೆ ಚುಕ್ಕೆ ಇಟ್ಟದ್ದರಲ್ಲಿ. ಎರಡನ್ನೂ ತೋರಿಸಿದೆ. ಬಾಟಲಿ ಪಕ್ಕದಲ್ಲಿಟ್ಟು ಗಾಜು ಕೈಗೆ ಕೊಟ್ಟೆ.

"ಇದೇ ಅಕ್ಕ, ಆ ಉಗುರು."

ಬಹಳ ಹೊತ್ತು ಗಾಜನ್ನು ಬೆಳಕಿಗೆ ಹಿಡಿದು ನೋಡಿದಳು.

"ನಿಜವಾಗ್ಲೂ ಗಾಜಿಗೇ ಹಚ್ಚಿದ್ರಾ?"

"ಗಾಜಿಗೇ. ನಿನ್ನ ಕಣ್ಣು ಸರಿಯಾಗಿ ಕಾಣ್ಲಿ ಅಂತ."

ಅಯ್ಯೋ, ಅವಳು ಅತ್ತ ಅಳು! ಬೈದುಕೊಂಡು ಅತ್ತಳು. "ಅಯ್ಯೋ ಪೆದ್ದು ಗಂಡಸೇ, ಕೈ ಹಿಡಿದು ಕರ್ಕೊಂಡು ಬಂದು ತೋರಿಸೋಕೇನಾಗಿತ್ತು ನಿಮಗೆ? ಮೂರು ದಿನ... ಮೂರು ದಿನ ಊಟಕ್ಕೆ ಬನ್ನಿ ಅಂತಲೂ ಅನ್ಲಿಲ್ಲವಲ್ಲ ನಾನು..." ಅವಳನ್ನು ಅಪ್ಪಿಕೊಂಡೆ. ಅವಳ ಮುಖ ಪೂರ್ತಿಯಾಗಿ ಕಾಣುತ್ತಿತ್ತು ನನಗೆ. ಮೂಗು, ಬಾಯಿ, ಎಲ್ಲಾ.

ಮುಖ ತೊಳೆದು ಬರುತ್ತೇನೆ ಎಂದು ಎದ್ದಳು. ಬಾಗಿಲ ಹತ್ತಿರ ತಿರುಗಿ ಕಣ್ಣೊರೆಸಿಕೊಂಡು ನಕ್ಕಳು.

"ಸರ್ಕಾರದ ಪೇಪರಲ್ಲಿ ಅವರ ಹೆಸರೂ ಇದೆ ತಾನೆ? ತೋರ್ಸೇ, ನೋಡ್ಬೇಕು."

"ಬಾ, ಕೂತ್ಕೊಂಡು ಹೇಳ್ತೀನಿ" ಎಂದೆ.

ಮೇಲೆ ನಲ್ಲಿ ನಿಂತಿತು. ಕೆರೆದು ಮಾಡಿದ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿದ್ದೇನೆ. ಇನ್ನೊಂದು ಉತ್ತರ ಮೇಜಿನ ಮೇಲಿದೆ, ಅವಳು ಸಹಿ ಹಾಕಬೇಕಾದ ಜಾಗ ಖಾಲಿ. ಮೆಟ್ಟಿಲಿಳಿಯುತ್ತಿದ್ದಾಳೆ. ಮೊದಲು ಯಾವುದನ್ನು ಹೇಳಲಿ ಎಂದು ಬರೆದು ನೋಡಿಕೊಳ್ಳುತ್ತಿದ್ದೇನೆ, ಬಾಯಿ ತೊದಲಬಾರದು —

ಅಕ್ಕಾ, ಆ ಚುಕ್ಕೆಯನ್ನು ಒರೆಸಿ ಹಾಕಿದ್ದು ನಾನೇ. ಅವರ ಹೆಸರನ್ನೂ